ಡೊಂಕು ನೆಲದ ಆಟ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಾವು ಮಕ್ಕಳ ಮೇಲೆ ಎಷ್ಟು ಸಲ ಪ್ರಯೋಗಿಸಿದ್ದೇವೆಯೋ ಲೆಕ್ಕವಿಲ್ಲ. ಸಂಜೆ ಏಳೆಂಟು ಗಂಟೆಯ ಹೊತ್ತು. ಹುಡುಗ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಬೇರೆ ಬೇರೆ ಊರುಗಳಲ್ಲಿರುವ ಗೆಳೆಯರೊಡನೆ ಆನ್‌ಲೈನ್ ಆಟ ಆಡುತ್ತಿರುತ್ತಾನೆ. ಇದ್ದಕ್ಕಿದ್ದಂತೆ "ಅಯ್ಯೋ, ಲ್ಯಾಗ್! ಲ್ಯಾಗ್!" ಎಂದು ಕೂಗುತ್ತಾನೆ. ಆಟ ಸೋತಿತು. ಒಳಗಿನಿಂದ ತಾಯಿ, "ಸೋತಾಗಲೆಲ್ಲ ನಿನಗೆ ಲ್ಯಾಗ್ ಬರುತ್ತದೆ, ಗೆದ್ದಾಗ ಬರುವುದೇ ಇಲ್ಲ" ಎನ್ನುತ್ತಾರೆ. ತಾಯಿಯ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೂ ಈ ಹೊತ್ತು ನಾನು ಹುಡುಗನ ಪರವಾಗಿ ವಕಾಲತ್ತು ಹಿಡಿದು ಬಂದಿದ್ದೇನೆ. ಈ ಆಟಗಳಲ್ಲಿ ನೆಲ ಎಷ್ಟೋ ಸಲ ನಿಜವಾಗಿಯೂ ಡೊಂಕಾಗಿರುತ್ತದೆ. ಎಷ್ಟು ಡೊಂಕು ಎಂಬುದನ್ನು ಅಳೆಯಬಹುದು. ಅಳೆದ ಮೇಲೆ, ಅದರಲ್ಲಿ ಸಾಕಷ್ಟನ್ನು ಮನೆಯಲ್ಲಿಯೇ ತಿದ್ದಲೂಬಹುದು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಣ ಕಟ್ಟಿ ಆಡತಕ್ಕ ಆನ್‌ಲೈನ್ ಆಟಗಳ ಮಾತಲ್ಲ ಇದು; ಅವನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ನಾನು ಹೇಳಹೊರಟಿರುವುದು ಓಡುವ, ಅಡಗುವ, ಗುರಿಯಿಡುವ, ಕೋಟೆ ಕಟ್ಟುವ ಸಾಮಾನ್ಯ ಆಟಗಳ ವಿಚಾರ. ಕನ್ನಡ ಪಂಡಿತನಿಗೆ ಇದರಲ್ಲಿ ಏನು ಕೆಲಸ ಎಂದು ಕೆಲವರು ಕೇಳಬಹುದು. ಲ್ಯಾಗ್ ಎಂಬುದು ಕಾಲದ ವಿಚಾರ. ಕಾಲದ ವಿಚಾರ ವ್ಯಾಕರಣ ಹೇಳುವವನಿಗೆ ಹೊಸದಲ್ಲ.

ಲ್ಯಾಗ್ ಎಂದರೆ ವಿಳಂಬ, ಹಿಂದೆ ಬೀಳುವುದು. ಅರವತ್ತು ಸಂವತ್ಸರಗಳಲ್ಲಿ ವಿಳಂಬಿ ಎಂಬುದೊಂದಿದೆ. 2018ರ ಯುಗಾದಿಗೆ ಬಂದು ಮರುವರ್ಷದ ಯುಗಾದಿಗೆ ಹೊರಟುಹೋಯಿತು. ಮಕ್ಕಳ ವಿಳಂಬ ಮಾತ್ರ ದಿನದಿನವೂ ಬರುತ್ತಲೇ ಇದೆ. ಇದನ್ನು ಕಿವಿಯಾರೆ ಕೇಳಬೇಕಾದರೆ ಒಂದು ಸುಲಭವಾದ ಪ್ರಯೋಗವುಂಟು. ಆಕಾಶವಾಣಿಯ ಒಂದೇ ಕಾರ್ಯಕ್ರಮವನ್ನು ರೇಡಿಯೋದಲ್ಲಿಯೂ ಫೋನಿನ ಆ್ಯಪಿನಲ್ಲಿಯೂ ಒಟ್ಟಿಗೆ ಹಚ್ಚಿ ನೋಡಿ. ರೇಡಿಯೋ ಆಡಿದ ಮಾತನ್ನು ಫೋನು ಹಲವು ಸೆಕೆಂಡು ಕಳೆದ ಮೇಲೆ ಆಡುತ್ತದೆ. ದಾರಿಯಲ್ಲಿ ತೊಡಕಾದರೆ ಧ್ವನಿ ಕಡಿದುಹೋಗದಿರಲೆಂದು ಫೋನು ಕೆಲವು ಸೆಕೆಂಡಿನಷ್ಟು ಮಾತನ್ನು ಮುಂದಾಗಿ ಕೂಡಿಟ್ಟುಕೊಂಡು ಆಮೇಲೆ ನುಡಿಸುವುದೇ ಇದಕ್ಕೆ ಮುಖ್ಯ ಕಾರಣ. ಕೇಳುವವರಿಗೆ ಇದರಿಂದ ನಷ್ಟವೇನಿಲ್ಲ. ಆಟದಲ್ಲಿ ಹಾಗಲ್ಲ, ಅಲ್ಲಿ ಕೇಳಿದ ಕೂಡಲೇ ಮರುಮಾತಾಡಬೇಕು. ಕೂಡಿಟ್ಟುಕೊಂಡು ಕುಳಿತರೆ ಎದುರಾಳಿ ಬಂದು ಹೊಡೆದು ಹೋಗಿರುತ್ತಾನೆ.

ಪಗಡೆ, ಚೌಕಾಬಾರಗಳಲ್ಲಿ ಹಾಸು ಒಂದೇ. ನಾಲ್ವರೂ ಅದರ ಸುತ್ತ ಕುಳಿತಿರುತ್ತಾರೆ. ಕವಡೆ ಬಿದ್ದುದನ್ನು ಎಲ್ಲರೂ ಒಂದೇ ಕ್ಷಣದಲ್ಲಿ ನೋಡುತ್ತಾರೆ. ಆನ್‌ಲೈನ್ ಆಟದ ಹಾಸು ದೂರದ ಊರಿನ ಒಂದು ಯಂತ್ರದಲ್ಲಿರುತ್ತದೆ. ಅದಕ್ಕೆ ಸರ್ವರ್ ಎಂದು ಹೆಸರು. ನಮ್ಮ ಹೋಟೆಲುಗಳಲ್ಲಿ ದೋಸೆ ತಂದುಕೊಡುವವರಿಗೂ ಇದೇ ಹೆಸರುಂಟಷ್ಟೆ. ಕೆಲಸವೂ ಅಷ್ಟೇನೂ ಬೇರೆಯಲ್ಲ. ಪ್ರತಿಯೊಬ್ಬ ಆಟಗಾರನೂ ಹೇಳಿದ್ದನ್ನು ಕೇಳಿಕೊಂಡು, ಯಾರು ಎಲ್ಲಿದ್ದಾರೆ, ಯಾರ ಏಟು ಯಾರಿಗೆ ತಗುಲಿತು ಎಂದು ತೀರ್ಮಾನಿಸಿ, ಅದನ್ನು ಎಲ್ಲರಿಗೂ ಮುಟ್ಟಿಸಬೇಕು. ಇದನ್ನು ಕೆಲವು ಆಟಗಳಲ್ಲಿ ಸೆಕೆಂಡಿಗೆ ಇಪ್ಪತ್ತು ಮೂವತ್ತು ಸಲ, ಕೆಲವದರಲ್ಲಿ 128 ಸಲ ಮಾಡುತ್ತಾರೆ.

ನಮ್ಮ ಮಾತು ಸರ್ವರಿಗೆ ಹೋಗಿ ಮರುಮಾತು ಬರುವುದಕ್ಕೆ ಹಿಡಿಯುವ ಕಾಲಕ್ಕೆ ಪಿಂಗ್ ಎನ್ನುತ್ತಾರೆ. 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮ್ಯೂಸ್ ಎಂಬುವರು ಈ ಕಾಲವನ್ನು ಅಳೆಯಲು ಒಂದು ಚಿಕ್ಕ ಪ್ರೋಗ್ರಾಮು ಬರೆದರು. ಜಲಾಂತರ್ಗಾಮಿಗಳಲ್ಲಿ ಸದ್ದು ಕಳಿಸಿ ಪ್ರತಿಧ್ವನಿಯಿಂದ ದೂರ ತಿಳಿಯುವ ಪದ್ಧತಿಯುಂಟು. ಆ ಸದ್ದಿನ ಹೆಸರನ್ನೇ ಇದಕ್ಕಿಟ್ಟರು. ಇದರ ಅಳತೆ ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ಪಿಂಗ್ 30 ಎಂದರೆ ಉತ್ತಮ. 100 ಎಂದರೆ ಆಡಬಹುದು. 300 ದಾಟಿತೆಂದರೆ ಗುರಿಯಿಡುವ ಆಟಗಳಲ್ಲಿ ಹುಡುಗನ ಕೂಗಿಗೆ ಕಾರಣವುಂಟು.

ಈ ತಡ ಎಲ್ಲಿಂದ ಬರುತ್ತದೆ? ಮೊದಲನೆಯದು ದೂರ. ಬೆಳಕು ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಹೋಗುತ್ತದೆ. ಗಾಜಿನ ಎಳೆಯೊಳಗೆ ಸುಮಾರು 2 ಲಕ್ಷ ಮಾತ್ರ. ಎಂದರೆ ಒಂದು ಮಿಲಿಸೆಕೆಂಡಿಗೆ 200 ಕಿಲೋಮೀಟರು. ಬೆಂಗಳೂರಿನಿಂದ ಮುಂಬಯಿಗೆ ತಂತಿಯ ದಾರಿ 1000 ಕಿಲೋಮೀಟರು ಎಂದಿಟ್ಟುಕೊಂಡರೆ, ಹೋಗಿ ಬರಲು 10 ಮಿಲಿಸೆಕೆಂಡು. ಸಿಂಗಪುರ ಸುಮಾರು 3,200 ಕಿಲೋಮೀಟರು. ಹೋಗಿ ಬರಲು 32 ಮಿಲಿಸೆಕೆಂಡಿಗೆ ಕಡಮೆಯಾಗದು. ಜರ್ಮನಿಯ ಫ್ರಾಂಕ್‌ಫರ್ಟಿಗಾದರೆ 74. ಇವು ನೇರ ದೂರದ ಲೆಕ್ಕ. ಸಮುದ್ರದ ಕೇಬಲುಗಳು ನೇರ ಹೋಗುವುದಿಲ್ಲವಾದ್ದರಿಂದ ಯೂರೋಪಿನ ಸರ್ವರಿಗೆ ನೂರನ್ನು ದಾಟುವುದು ಸಹಜ. ಭೂಮಿಯಿಂದ 35,786 ಕಿಲೋಮೀಟರು ಎತ್ತರದಲ್ಲಿ ನಿಂತ ಉಪಗ್ರಹದ ಮೂಲಕ ಬರುವ ಇಂಟರ್‌ನೆಟ್ಟಿನಲ್ಲಿ ಮಾತು ಮೇಲೇರಿ ಇಳಿದು, ಮರುಮಾತು ಮತ್ತೆ ಮೇಲೇರಿ ಇಳಿಯುವಷ್ಟರಲ್ಲಿ ಅರ್ಧ ಸೆಕೆಂಡಿಗೆ ಸಮೀಪ ಕಳೆದಿರುತ್ತದೆ. ಇದಕ್ಕೆ ಯಾವ ಕಂಪನಿಯೂ ಮದ್ದು ಕೊಡಲಾರದು. ಪಿಂಗನ್ನು ಇಳಿಸಿಬಿಡುತ್ತೇವೆಂದು ಹೇಳಿಕೊಳ್ಳುವ ಆ್ಯಪುಗಳು ಬೆಳಕನ್ನು ಓಡಿಸಲಾರವು. ಅವುಗಳಲ್ಲಿ ಹಲವು, ಫೋನಿನಲ್ಲಿ ಸುಮ್ಮನೆ ತೆರೆದಿಟ್ಟ ನಾಲ್ಕು ಆ್ಯಪುಗಳನ್ನು ಮುಚ್ಚುತ್ತವೆ. ಆ ಕೆಲಸವನ್ನು ಹೆಬ್ಬೆರಳೂ ಮಾಡುತ್ತದೆ.

ಇಲ್ಲಿ ಬಹಳ ಮನೆಗಳಲ್ಲಿ ಹಣ ವ್ಯರ್ಥವಾಗುವ ಒಂದು ಗೊಂದಲವಿದೆ. ಲ್ಯಾಗ್ ಎಂದ ಕೂಡಲೆ ಹೆಚ್ಚು ಎಂಬಿಪಿಎಸ್ಸಿನ ಪ್ಲಾನು ಹಾಕಿಸುತ್ತಾರೆ. ಎಂಬಿಪಿಎಸ್ ಎಂಬುದು ಲಾರಿಯ ಗಾತ್ರ. ಪಿಂಗ್ ಎಂಬುದು ಪ್ರಯಾಣದ ಹೊತ್ತು. ಸಿನಿಮಾ ತರಿಸುವವನಿಗೆ ದೊಡ್ಡ ಲಾರಿ ಬೇಕು. ಆಟದ ಒಂದೊಂದು ಸಂದೇಶವೂ ಒಂದೊಂದು ಪೋಸ್ಟ್‌ಕಾರ್ಡು ಮಾತ್ರ. ಒಂದು ಕಾರ್ಡನ್ನು ಒಯ್ಯಲು ಹತ್ತು ಚಕ್ರದ ಲಾರಿ ತರಿಸಿದರೆ ಅದು ಬೇಗ ಮುಟ್ಟುವುದೇ?

ಪಿಂಗಿನ ಅಂಕಿ ಎಷ್ಟೆಂಬುದಕ್ಕಿಂತ ಅದು ನೆಟ್ಟಗೆ ನಿಲ್ಲುತ್ತದೆಯೇ ಎಂಬುದು ಮುಖ್ಯ. ಸಂಗೀತ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಳಂಬ ಕಾಲದಲ್ಲಿ ಹಾಡುವುದು ದೋಷವಲ್ಲ. ತಾಳ ತಪ್ಪುವುದು ದೋಷ. 1997ರಲ್ಲಿ ಬಂದ ಏಜ್ ಆಫ್ ಎಂಪೈರ್ಸ್ ಎಂಬ ಸೈನ್ಯ ನಡೆಸುವ ಆಟವನ್ನು ರಚಿಸಿದವರಲ್ಲಿ ಇಬ್ಬರು, ಪಾಲ್ ಬೆಟ್ನರ್ ಮತ್ತು ಮಾರ್ಕ್ ಟೆರಾನೊ, ತಮ್ಮ ಅನುಭವವನ್ನು 2001ರಲ್ಲಿ ಬರೆದಿಟ್ಟಿದ್ದಾರೆ. ಆಗ ಇದ್ದುದು ಟೆಲಿಫೋನಿನ ಮೂಲಕ ಹೋಗುವ ಬಡ ಸಂಪರ್ಕ. ಆಜ್ಞೆ ಕೊಟ್ಟ ಮೇಲೆ ಕಾಲು ಸೆಕೆಂಡು ತಡವಾದರೂ ಆಟಗಾರರು ಅದನ್ನು ಗಮನಿಸಲಿಲ್ಲ. ಅರ್ಧ ಸೆಕೆಂಡಿನವರೆಗೂ ಸಹಿಸಿಕೊಂಡರು. ಆದರೆ ತಡ ಒಮ್ಮೆ ಹೆಚ್ಚು, ಒಮ್ಮೆ ಕಡಮೆಯಾದಾಗ ಅವರಿಗೆ ಆಟ ಬೇಸರವಾಯಿತು. ಹುಡುಗರು ಜಿಟರ್ ಎಂದು ಗೊಣಗುವುದು ಈ ತಾಳಗೇಡನ್ನೇ. 80ರಲ್ಲಿ ನಿಂತ ಪಿಂಗ್, 20ಕ್ಕೂ 200ಕ್ಕೂ ಉಯ್ಯಾಲೆಯಾಡುವ ಪಿಂಗಿಗಿಂತ ಮೇಲು. ಇನ್ನು ಕೆಲವು ಕಾರ್ಡುಗಳು ದಾರಿಯಲ್ಲಿ ಕಳೆದೇಹೋಗುವುದುಂಟು. ಓಡುವ ಆಟಗಳಲ್ಲಿ ಅವನ್ನು ಮತ್ತೆ ತರಿಸಲು ಸಾಮಾನ್ಯವಾಗಿ ಕಾಯುವುದಿಲ್ಲ. ಎದುರಾಳಿ ಹಿಂದಿನ ಕ್ಷಣ ಎಲ್ಲಿದ್ದನೆಂಬ ಹಳೆಯ ಸುದ್ದಿ ಯಾರಿಗೆ ಬೇಕು?

ತಡವನ್ನು ತೆಗೆಯಲಾಗದಿದ್ದರೆ ಮುಚ್ಚಿಡಬೇಕಲ್ಲವೇ? ಆಟ ಬರೆಯುವವರು ಮಾಡಿರುವುದು ಇದನ್ನೇ. 1996ರಲ್ಲಿ ಬಂದ ಕ್ವೇಕ್ ಎಂಬ ಆಟದಲ್ಲಿ ಮೊದಮೊದಲು ಒಂದು ಹೆಜ್ಜೆಯಿಡಬೇಕಾದರೂ ಸರ್ವರಿನ ಅಪ್ಪಣೆ ಬರುವವರೆಗೆ ಕಾಯಬೇಕಾಗಿತ್ತು. ಟೆಲಿಫೋನ್ ಸಂಪರ್ಕವುಳ್ಳವರು ಕೆಸರಿನಲ್ಲಿ ನಡೆದಂತೆ ನಡೆದರು. ಅದರ ಕರ್ತೃಗಳಲ್ಲೊಬ್ಬರಾದ ಜಾನ್ ಕಾರ್ಮ್ಯಾಕ್ ಅದೇ ವರ್ಷದ ಕೊನೆಗೆ ಉಪಾಯ ಮಾಡಿದರು: ಗುಂಡಿ ಒತ್ತಿದ ಕೂಡಲೆ ಮನೆಯ ಯಂತ್ರವೇ ಹೆಜ್ಜೆಯಿಟ್ಟುಬಿಡಲಿ, ಸರ್ವರ್ ಒಪ್ಪದಿದ್ದರೆ ಆಮೇಲೆ ತಿದ್ದಿಕೊಳ್ಳೋಣ. ಮಕ್ಕಳ ಬೊಂಬೆ ಹತ್ತು ಹೆಜ್ಜೆ ಓಡಿ, ಯಾರೋ ಜುಟ್ಟು ಹಿಡಿದೆಳೆದಂತೆ ಹಿಂದಕ್ಕೆ ಬಂದು ನಿಲ್ಲುವುದನ್ನು ನೀವು ನೋಡಿರಬಹುದು. ಅದು ಈ ತಿದ್ದುಪಡಿ.

ಈಗ ವ್ಯಾಕರಣಕ್ಕೆ ಬರೋಣ. ಕಾಲಗಳು ಮೂರು: ಭೂತ, ವರ್ತಮಾನ, ಭವಿಷ್ಯತ್. ಆಡುವವನ ಪರದೆಯಲ್ಲಿ ಅವನ ಸ್ವಂತ ಬೊಂಬೆ ಭವಿಷ್ಯತ್ತಿನಲ್ಲಿದೆ. ಸರ್ವರ್ ಇನ್ನೂ ಅರಿಯದ ಹೆಜ್ಜೆಯನ್ನು ಅದು ಆಗಲೇ ಇಟ್ಟಾಗಿದೆ. ಎದುರಾಳಿಗಳೆಲ್ಲರೂ ಭೂತಕಾಲದಲ್ಲಿದ್ದಾರೆ, ಅವರ ಸುದ್ದಿ ಬಂದು ಮುಟ್ಟುವಷ್ಟರಲ್ಲಿ ಅವರು ಮುಂದೆ ಹೋಗಿಯಾಗಿದೆ. ಸಾಲದುದಕ್ಕೆ, ಅವರ ಚಲನೆ ನಯವಾಗಿ ಕಾಣಲೆಂದು ಯಂತ್ರವೇ ಇನ್ನಷ್ಟು ತಡಮಾಡಿ ತೋರಿಸುತ್ತದೆ. ಹಾಫ್-ಲೈಫ್ ಎಂಬ ಆಟದಲ್ಲಿ ಈ ಬೇಕೆಂದೇ ಮಾಡಿದ ತಡ ಸೆಕೆಂಡಿನ ಹತ್ತನೆಯ ಒಂದು ಪಾಲು. ಇನ್ನು ವರ್ತಮಾನವೋ, ಅದು ಸರ್ವರಿನಲ್ಲಿದೆ. ಅದನ್ನು ಯಾವ ಆಟಗಾರನೂ ಕಂಡವನಲ್ಲ.

ಹೀಗಿರುವಾಗ ಏಟು ತಗುಲಿತೇ ಇಲ್ಲವೇ ಎಂದು ಹೇಳುವವರಾರು? ಆ ಆಟವನ್ನು ರಚಿಸಿದ ವಾಲ್ವ್ ಸಂಸ್ಥೆಯ ಯಾನ್ ಬರ್ನಿಯರ್ 2001ರಲ್ಲಿ ತಮ್ಮ ಪದ್ಧತಿಯನ್ನು ವಿವರಿಸಿದರು. ಗುಂಡು ಹಾರಿಸಿದವನ ಸುದ್ದಿ ಬಂದಾಗ ಸರ್ವರ್ ಅವನ ಪಿಂಗನ್ನು ಲೆಕ್ಕ ಹಾಕಿ, ಗಡಿಯಾರವನ್ನು ಅಷ್ಟು ಹಿಂದಕ್ಕೆ ತಿರುಗಿಸಿ, ಅವನು ಕಂಡ ಕ್ಷಣದಲ್ಲಿ ಎದುರಾಳಿ ಎಲ್ಲಿ ನಿಂತಿದ್ದನೋ ಅಲ್ಲಿ ನಿಲ್ಲಿಸಿ ನೋಡುತ್ತದೆ. ಗುರಿ ಸರಿಯಾಗಿದ್ದರೆ ಏಟು ಊರ್ಜಿತ. ನ್ಯಾಯವಾದ ಏರ್ಪಾಡೇ. ಆದರೆ ಏಟು ತಿಂದವನ ಗತಿ ನೋಡಿ: ಅವನ ಪರದೆಯಲ್ಲಿ ಅವನು ಗೋಡೆಯ ಮರೆಗೆ ಹೋಗಿ ಒಂದು ಉಸಿರು ಬಿಟ್ಟಾಗಿದೆ. ಅಷ್ಟರಲ್ಲಿ ಸತ್ತ ಎಂಬ ಸುದ್ದಿ! ಅವನು, "ನಾನು ಮರೆಯಲ್ಲಿದ್ದೆ" ಎನ್ನುತ್ತಾನೆ. ಇವನು, "ನೀನು ಬಯಲಲ್ಲಿದ್ದೆ" ಎನ್ನುತ್ತಾನೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ, ಯಾರೂ ಸುಳ್ಳುಗಾರರಲ್ಲ. ಮೋಸಗಾರ ಎಂಬ ಮಾತು ಬರುವುದು ಇಲ್ಲಿ, ಸ್ನೇಹ ಮುರಿಯುವುದು ಇಲ್ಲಿ.

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನಿಗೆ ಹೀಗೆಯೇ ಆಯಿತು. ನಾಲ್ವರ ತಂಡ, ನಾಲ್ವರೂ ಒಂದೇ ತರಗತಿ. ರಾತ್ರಿ ಎಂಟು ಕಳೆದರೆ ಇವನ ಬೊಂಬೆ ನಿಂತಲ್ಲೇ ನಿಲ್ಲುತ್ತಿತ್ತು, ಇದ್ದಕ್ಕಿದ್ದಂತೆ ಬೇರೊಂದು ಕಡೆ ಏಳುತ್ತಿತ್ತು. ಬೇಕೆಂದೇ ಸಂಪರ್ಕವನ್ನು ತುಂಡರಿಸಿ ಮೋಸ ಮಾಡುವ ವಿದ್ಯೆಯೊಂದು ಆಟಗಾರರಲ್ಲುಂಟು. ಗೆಳೆಯರು ಅದೇ ಇದು ಎಂದರು. ತಂಡದಿಂದ ತೆಗೆದರು. ತರಗತಿಯಲ್ಲಿ ಬೆಂಚು ಬದಲಾಯಿತು, ಮಾತು ನಿಂತಿತು. ಓದುವ ಹುಡುಗ ಪಾಠದ ವೇಳೆ ಕಿಟಕಿಯ ಹೊರಗೆ ನೋಡುತ್ತ ಕುಳಿತಿರುತ್ತಿದ್ದ. ತಂದೆಗೆ ಬಟ್ಟೆಯ ಅಂಗಡಿ. ಮಗನ ಮುಖ ನೋಡಲಾರದೆ 50 ಎಂಬಿಪಿಎಸ್ ಇದ್ದದ್ದನ್ನು 200ಕ್ಕೆ ಏರಿಸಿದರು. ಪ್ರಯೋಜನವಾಗಲಿಲ್ಲ.

ಒಂದು ಸಂಜೆ ನಮ್ಮ ವಿಜ್ಞಾನದ ಮೇಷ್ಟರೂ ನಾನೂ ಅವರ ಮನೆಗೆ ಹೋದೆವು. ಮೇಷ್ಟರು ಕಂಪ್ಯೂಟರಿನಲ್ಲಿ ಎರಡು ಕಿಟಕಿ ತೆರೆದರು. ಒಂದರಲ್ಲಿ ಮನೆಯ ರೌಟರಿಗೇ ಪಿಂಗ್, ಇನ್ನೊಂದರಲ್ಲಿ ಹೊರಗಿನ ತಾಣಕ್ಕೆ ಪಿಂಗ್. ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಇದು. ರೌಟರಿನ ಅಂಕಿಯೇ ಏರಿಳಿದರೆ ತೊಂದರೆ ಮನೆಯ ವೈ-ಫೈಯಲ್ಲಿದೆ. ಅದು ನೆಟ್ಟಗಿದ್ದು ಹೊರಗಿನದು ಏರಿದರೆ ತೊಂದರೆ ರೌಟರಿನಿಂದ ಆಚೆಗಿದೆ. ರೌಟರು 2ರಲ್ಲಿ ನಿಂತಿತು, ಹೊರಗಿನದು 30ರಲ್ಲಿ. ಕಾಫಿ ಬಂತು, ಕುಡಿದೆವು. ಎಂಟೂಕಾಲಿಗೆ ತಂದೆ ಅಂಗಡಿ ಮುಚ್ಚಿ ಮನೆಗೆ ಬಂದರು. ಎರಡು ನಿಮಿಷದಲ್ಲಿ 30 ಇದ್ದದ್ದು 600 ಆಯಿತು. ಅವರು ಗಿರಾಕಿಗಳಿಗೆ ತೋರಿಸಲು ದಿನವಿಡೀ ಸೀರೆಗಳ ವಿಡಿಯೋ ತೆಗೆಯುವವರು. ಮನೆಯ ವೈ-ಫೈ ಸಿಕ್ಕಿದ ಕೂಡಲೆ ಜೇಬಿನಲ್ಲಿದ್ದ ಫೋನು ಆ ದಿನದ ವಿಡಿಯೋಗಳನ್ನೆಲ್ಲ ತನ್ನಷ್ಟಕ್ಕೆ ತಾನು ಕ್ಲೌಡಿಗೆ ಕಳುಹಿಸತೊಡಗುತ್ತಿತ್ತು. ಹೊಸ ಪ್ಲಾನಿನಲ್ಲಿ ಇಳಿದು ಬರುವ ದಾರಿ ಅಗಲವಾಗಿತ್ತೇ ಹೊರತು ಏರಿ ಹೋಗುವ ದಾರಿ ಮೊದಲಿನಷ್ಟೇ ಇತ್ತು. "ಹಾಗಾದರೆ ನಾನು ಮನೆಗೆ ಬಂದದ್ದೇ ಲ್ಯಾಗೇನು ಸ್ವಾಮಿ?" ಎಂದರು ತಂದೆ. ವಿಡಿಯೋ ಕಳುಹಿಸುವ ಹೊತ್ತನ್ನು ನಡುರಾತ್ರಿಗೆ ಬದಲಾಯಿಸಿದ್ದಾಯಿತು. ಹುಡುಗ ಅಂಕಿಗಳನ್ನು ಬರೆದುಕೊಂಡು ಹೋಗಿ ಗೆಳೆಯರಿಗೆ ತೋರಿಸಿದ, ತಂಡಕ್ಕೆ ಸೇರಿಸಿಕೊಂಡರು. ಆಟದಲ್ಲಿ ಅವನು ಅಂಥ ಗಟ್ಟಿಗನೇನಲ್ಲ ಎಂಬುದು ಆಮೇಲೆ ತಿಳಿಯಿತು. ಅದು ಬೇರೆಯ ಮಾತು.

ಈ ರೋಗವನ್ನು 2010ರಲ್ಲಿ ಬೆಳಕಿಗೆ ತಂದವರು ಜಿಮ್ ಗೆಟಿಸ್ ಎಂಬ ಅಮೆರಿಕದ ತಂತ್ರಜ್ಞರು. ಮನೆಯಿಂದ ದೊಡ್ಡ ಕಡತ ಕಳುಹಿಸುವಾಗ ತಡ ಒಂದು ಸೆಕೆಂಡನ್ನೂ ಮೀರುವುದನ್ನು ಕಂಡು ಬೆನ್ನು ಹತ್ತಿದರು. ಅದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರು ನಿಂತಿತು. ಕಾಯುವ ಕೋಣೆಯ ಬೊಜ್ಜು ಎನ್ನಬಹುದು. ಅಂಚೆ ಕಚೇರಿಯಲ್ಲಿ ಒಂದೇ ಕಿಟಕಿ, ಒಂದೇ ಸಾಲು. ನೂರು ಪಾರ್ಸೆಲು ಹೊತ್ತು ತಂದವನ ಹಿಂದೆ ಒಂದು ಕಾರ್ಡು ಹಿಡಿದ ಹುಡುಗ ನಿಂತಿದ್ದಾನೆ. ಕೋಣೆ ಚಿಕ್ಕದಾಗಿದ್ದರೆ ಪಾರ್ಸೆಲಿನವನನ್ನು, "ಸ್ಥಳವಿಲ್ಲ, ನಿಧಾನವಾಗಿ ತಾ" ಎಂದು ಹಿಂದಕ್ಕೆ ಕಳುಹಿಸುತ್ತಿದ್ದರು. ಮೆಮೊರಿ ಅಗ್ಗವಾದುದರಿಂದ ತಯಾರಕರು ಕೋಣೆಯನ್ನು ಛತ್ರದಷ್ಟು ದೊಡ್ಡದು ಮಾಡಿದರು. ಕಡತ ಕಳುಹಿಸುವ ಪದ್ಧತಿಗೆ ದಾರಿ ತುಂಬಿದೆ ಎಂದು ತಿಳಿಯುವುದು ಸಾಮಾನ್ಯವಾಗಿ ಏನಾದರೂ ಬಿದ್ದುಹೋದಾಗಲೇ. ಏನೂ ಬೀಳದಿದ್ದರೆ ಅದು ಸುರಿಯುತ್ತಲೇ ಇರುತ್ತದೆ. ಸಾಲು ಬೀದಿಗೆ ಬರುತ್ತದೆ. ಒಳ್ಳೆಯದಾಗಲೆಂದು ಕೊಟ್ಟ ಸ್ಥಳವೇ ಕೇಡಾಯಿತು.

ಮದ್ದು ಬಂದದ್ದು 2012ರಲ್ಲಿ, ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಅವರಿಂದ. ಸಾಲು ಎಷ್ಟು ಉದ್ದ ಎಂದು ನೋಡುವುದು ಬೇಡ, ಒಬ್ಬೊಬ್ಬರು ಎಷ್ಟು ಹೊತ್ತು ಕಾಯುತ್ತಿದ್ದಾರೆ ನೋಡಿ ಎಂದರು. ಕಾಯುವ ಹೊತ್ತು 100 ಮಿಲಿಸೆಕೆಂಡಿನ ಅವಧಿಯುದ್ದಕ್ಕೂ 5 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯದಿದ್ದರೆ ಒಂದು ಪಾರ್ಸೆಲನ್ನು ಬೇಕೆಂದೇ ಕೆಳಗೆ ಹಾಕಿ. ಕಳುಹಿಸುವವನಿಗೆ ಬುದ್ಧಿ ಬರುತ್ತದೆ. ಇದರ ಜೊತೆಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು ಮಾಡಿ ಸರದಿಯಂತೆ ಕರೆಯುವ ಏರ್ಪಾಡನ್ನು ಕೂಡಿಸಲಾಯಿತು. ಎಫ್‌ಕ್ಯೂ-ಕೋಡೆಲ್ ಎಂಬ ಆ ಪದ್ಧತಿಯ ವಿವರಣೆ 2018ರಲ್ಲಿ ಇಂಟರ್‌ನೆಟ್ಟಿನ ಅಧಿಕೃತ ಪತ್ರಮಾಲೆಯಲ್ಲಿ ಪ್ರಕಟವಾಯಿತು. ಇದನ್ನೋ, ಇದರ ಮುಂದಿನ ರೂಪವಾದ ಕೇಕ್ ಎಂಬುದನ್ನೋ ಒಳಗೊಂಡ ರೌಟರುಗಳು ದೊರೆಯುತ್ತವೆ. ಕೊಳ್ಳುವಾಗ ಎಸ್‌ಕ್ಯೂಎಂ ಎಂಬ ಸೌಲಭ್ಯವಿದೆಯೇ ಎಂದು ಕೇಳಿ. ಮೈತುಂಬ ಕೊಂಬುಗಳಿರುವ ರೌಟರೇ ಆಗಬೇಕೆಂದಿಲ್ಲ. ಅದರಲ್ಲಿ ವೇಗದ ಮಿತಿಯನ್ನು ನಿಮಗೆ ನಿಜವಾಗಿ ಸಿಗುವ ವೇಗದ ನೂರಕ್ಕೆ 85–90ರಷ್ಟು ಇಡಬೇಕು. ಸ್ವಲ್ಪ ವೇಗ ಬಿಟ್ಟುಕೊಟ್ಟರೆ ಸಾಲು ಹೊರಗೆ ಯಾರದೋ ಪೆಟ್ಟಿಗೆಯಲ್ಲಿ ನಿಲ್ಲುವ ಬದಲು ನಿಮ್ಮ ರೌಟರಿನಲ್ಲಿ, ನಿಮ್ಮ ಶಿಸ್ತಿಗೆ ಒಳಪಟ್ಟು ನಿಲ್ಲುತ್ತದೆ.

ರೌಟರಿಗೆ ಹಣ ಹಾಕುವ ಮುನ್ನ ಕಾಸು ಖರ್ಚಿಲ್ಲದ ಕೆಲಸಗಳಿವೆ. ಫೋಟೋ, ವಿಡಿಯೋ, ಬಾಗಿಲ ಕ್ಯಾಮೆರಾ, ಇವು ಮೇಲಕ್ಕೆ ಕಳುಹಿಸುವ ಹೊತ್ತನ್ನು ನೋಡಿಕೊಳ್ಳಿ. ಆಟದ ಸೆಟ್ಟಿಂಗಿನಲ್ಲಿ ಸಮೀಪದ ಸರ್ವರನ್ನು ಆರಿಸಿಕೊಂಡಿದೆಯೇ ನೋಡಿ; ಮುಂಬಯಿ ಇರುವಾಗ ಯೂರೋಪಿನಲ್ಲಿ ಆಡುವ ಮಕ್ಕಳಿದ್ದಾರೆ. ವೈ-ಫೈ ಎಂಬುದು ಒಂದು ಸಭೆ. ಒಂದು ಚಾನಲಿನಲ್ಲಿ ಒಮ್ಮೆಗೆ ಒಬ್ಬರು ಮಾತಾಡಬೇಕು, ಪಕ್ಕದ ಮನೆಯವರೂ ಅದೇ ಸಭೆಯಲ್ಲಿರುತ್ತಾರೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಂತೂ ಮೈಕ್ರೋವೇವ್ ಒಲೆಯೂ ಗಲಾಟೆ ಮಾಡುತ್ತದೆ. 5 ಗಿಗಾಹರ್ಟ್ಸಿಗೆ ಬದಲಾಯಿಸಿದರೆ ಗದ್ದಲ ಕಡಮೆ, ಆದರೆ ಗೋಡೆಗಳನ್ನು ದಾಟುವ ಶಕ್ತಿಯೂ ಕಡಮೆ. ಕಂಪ್ಯೂಟರಿಗಾದರೆ ರೌಟರಿನಿಂದ ನೇರವಾಗಿ ಒಂದು ಲ್ಯಾನ್ ಕೇಬಲು ಎಳೆದುಬಿಡಿ. ಮನೆ ಅಂದಗೆಡುತ್ತದೆ ಎಂದು ಮನೆಯಾಕೆ ಹೇಳಿಯಾರು. ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಮೊಳೆ ಹೊಡೆದರೆ ಅಷ್ಟು ಕಾಣುವುದಿಲ್ಲ. ಇಷ್ಟೆಲ್ಲ ಆಗಿ ಪಿಂಗ್ ನೆಟ್ಟಗಿದ್ದೂ ಆಟ ತಡವರಿಸಿದರೆ, ತಪ್ಪು ಸಂಪರ್ಕದ್ದಲ್ಲ. ಬಿಸಿಯಾದ ಫೋನು ತನ್ನನ್ನು ಕಾಪಾಡಿಕೊಳ್ಳಲು ನಿಧಾನವಾಗುತ್ತದೆ. ಟಿ.ವಿ.ಯ ಮೇಲೆ ಆಡುವವರಾದರೆ ಅದರಲ್ಲಿ ಗೇಮ್ ಮೋಡ್ ಎಂಬುದನ್ನು ಹಾಕಬೇಕು. ಚಿತ್ರವನ್ನು ಚಂದಗೊಳಿಸಲೆಂದು ಟಿ.ವಿ.ಯೇ ಹಿಡಿದಿಟ್ಟುಕೊಳ್ಳುವ ಹೊತ್ತು ಆಗ ತಗ್ಗುತ್ತದೆ.

ಕೊನೆಗೆ ಉಳಿಯುವುದು ದೂರ. ಮೈಸೂರಿನ ಹುಡುಗನಿಗೆ ಕ್ಯಾಲಿಫೋರ್ನಿಯಾದಲ್ಲಿ ಚಿಕ್ಕಪ್ಪನ ಮಗನಿದ್ದು ಇಬ್ಬರೂ ಒಟ್ಟಿಗೆ ಆಡಬೇಕೆನ್ನುತ್ತಾರೆ ಎಂದಿಟ್ಟುಕೊಳ್ಳಿ. ನಡುವೆ ಸುಮಾರು 14,000 ಕಿಲೋಮೀಟರು. ಬೆಳಕಿಗೇ ಹೋಗಿ ಬರಲು 140 ಮಿಲಿಸೆಕೆಂಡು ಬೇಕು, ಕೇಬಲಿನ ಸುತ್ತುದಾರಿಯಲ್ಲಿ 200 ದಾಟುತ್ತದೆ. ಸರ್ವರ್ ಯಾರ ಕಡೆಗಿದೆಯೋ ಅವನಿಗೆ ಅನುಕೂಲ. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ ಎಂದು ಒಪ್ಪಂದ ಮಾಡಿಕೊಂಡು ಆಡುವವರಿದ್ದಾರೆ. ಸರದಿಯಂತೆ ನಡೆ ನಡೆಸುವ ಚದುರಂಗದಂಥ ಆಟವಾದರೆ ಆ ಜಗಳವೂ ಇಲ್ಲ. ಲಿಚೆಸ್ ಎಂಬ ತಾಣದಲ್ಲಿ, ಸಂದೇಶ ದಾರಿಯಲ್ಲಿ ಕಳೆದ ಹೊತ್ತನ್ನು ಒಂದು ಮಿತಿಯೊಳಗೆ ಆಟಗಾರನ ಗಡಿಯಾರಕ್ಕೆ ಹಿಂದಿರುಗಿಸುವ ಏರ್ಪಾಡೂ ಇದೆ.